ಅವಧಿಗೆ ಮುಂಚೆ ಸಾಲ ತೀರಿಸಿದರೆ ದಂಡವೇ?



ಸಾಲವನ್ನು ಹೊತ್ತಿಗೆ ಸರಿಯಾಗಿ ತೀರಿಸದವನಿಗೆ ದಂಡ ಬೀಳುವುದು ನಮಗೆಲ್ಲ ತಿಳಿದ ಸಂಗತಿ. ಆದರೆ ಹೊತ್ತಿಗೆ ಮುಂಚೆಯೇ ತೀರಿಸಲು ಹೋದವನಿಗೂ ದಂಡ ಬೀಳುವುದುಂಟು. ಅಡಿಕೆಗೋ ಕೊಬ್ಬರಿಗೋ ಒಳ್ಳೆಯ ಧಾರಣೆ ಬಂದ ವರ್ಷ, ಟ್ರ್ಯಾಕ್ಟರಿನ ಸಾಲವನ್ನು ಒಂದೇ ಸಲಕ್ಕೆ ಮುಗಿಸಿಬಿಡೋಣವೆಂದು ರೈತನು ಹಣ ತೆಗೆದುಕೊಂಡು ಹೋಗುತ್ತಾನೆ. ಅಲ್ಲಿಯವರು ಲೆಕ್ಕ ಹಾಕಿ, ಬಾಕಿ ಅಸಲು ಇಷ್ಟು, ಈವರೆಗಿನ ಬಡ್ಡಿ ಇಷ್ಟು, ಅವಧಿಗೆ ಮುಂಚೆ ಮುಚ್ಚುವ ಶುಲ್ಕ ಇಷ್ಟು ಎಂದು ಚೀಟಿ ಬರೆದು ಕೊಡುತ್ತಾರೆ. ‘ಅವರ ದುಡ್ಡನ್ನು ಅವರಿಗೆ ಬೇಗ ಹಿಂದಕ್ಕೆ ಕೊಟ್ಟರೆ ನನಗೇಕೆ ದಂಡ?’ ಎಂದು ರೈತನು ಕೇಳುವುದು ಸಹಜವೇ ಆಗಿದೆ.

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಕೆಲವು ಸಂದರ್ಭಗಳಲ್ಲಿ ಇಂಥ ಶುಲ್ಕಕ್ಕೆ ನ್ಯಾಯವಾದ ಕಾರಣವಿರುತ್ತದೆ. ಕೆಲವು ಸಂದರ್ಭಗಳಲ್ಲಿ ಅದು ಸಾಲಗಾರನನ್ನು ಕಟ್ಟಿಹಾಕುವ ಹಗ್ಗ ಮಾತ್ರ. ಇನ್ನು ಕೆಲವು ಸಾಲಗಳಲ್ಲಿ ಅದನ್ನು ತೆಗೆದುಕೊಳ್ಳಲೇ ಕೂಡದೆಂದು ರಿಸರ್ವ್ ಬ್ಯಾಂಕು ನಿಯಮ ಮಾಡಿದೆ. ನಿಮ್ಮ ಸಾಲ ಯಾವ ಬಗೆಯದೆಂದು ತಿಳಿದುಕೊಂಡರೆ ಸಾವಿರಾರು ರೂಪಾಯಿ ಉಳಿಯಬಹುದು. ಆದುದರಿಂದ ಈ ವಿಷಯವನ್ನು ಬುಡದಿಂದ ವಿಚಾರ ಮಾಡೋಣ.

ನಡುವೆ ಬಿಟ್ಟರೆ ಯಾರಿಗೆ ಎಷ್ಟು ನಷ್ಟ?

ಮೊದಲು ನಮ್ಮ ಹೊಲದ ಒಂದು ಉದಾಹರಣೆ ತೆಗೆದುಕೊಳ್ಳಿ. ಗೊಬ್ಬರಕ್ಕಾಗಿ ಹೊಲದಲ್ಲಿ ಹತ್ತು ರಾತ್ರಿ ಕುರಿ ಮಂದೆ ನಿಲ್ಲಿಸಬೇಕೆಂದು ನೀವು ಕುರಿಗಾರನೊಡನೆ ಮಾತಾಡಿದ್ದೀರಿ. ಅವನು ದೂರದಿಂದ ಮಂದೆ ಹೊಡೆದುಕೊಂಡು ಬಂದ. ಮೂರನೆಯ ದಿನ ನೀವು ‘ಇಷ್ಟೇ ಸಾಕು, ಹೊರಡು’ ಎಂದಿರಿ. ಅವನು ಏನಾದರೂ ಕೇಳುವುದು ನ್ಯಾಯವೇ ಸರಿ. ನಿಮ್ಮ ಮಾತು ನಂಬಿ ಬಂದಿದ್ದಾನೆ, ಬೇರೆಯವರ ಹೊಲವನ್ನು ಬಿಟ್ಟಿದ್ದಾನೆ. ಆದರೆ ಎಷ್ಟು ಕೇಳುವುದು ನ್ಯಾಯ? ಮರುದಿನವೇ ಪಕ್ಕದ ಹೊಲದವರು ಅವನನ್ನು ಕರೆದರೆ ಅವನಿಗಾದ ನಷ್ಟ ಒಂದು ರಾತ್ರಿಯದು. ಉಳಿದ ಏಳು ರಾತ್ರಿಗಳ ಹಣವನ್ನೂ ಪೂರ್ತಿ ಕೊಡು ಎಂದರೆ ಅದು ನಷ್ಟ ತುಂಬಿಸಿಕೊಳ್ಳುವುದಲ್ಲ. ನಿಮ್ಮನ್ನು ಅಲುಗಾಡದಂತೆ ಮಾಡುವುದು. ಇನ್ನು ಒಂಬತ್ತನೆಯ ರಾತ್ರಿ ಕಳೆದ ಮೇಲೆ ಬಿಟ್ಟರೂ ಮೂರನೆಯ ದಿನ ಬಿಟ್ಟಷ್ಟೇ ದಂಡವೆಂದರೆ ಯಾರೂ ಒಪ್ಪಲಾರರು.

ಇದರಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಒಂದು, ಕರಾರನ್ನು ನಡುವೆ ಬಿಡುವವನು ಎದುರಿನವನಿಗಾದ ನಿಜವಾದ ನಷ್ಟವನ್ನು ತುಂಬಿಕೊಡುವುದು ನ್ಯಾಯ. ಎರಡು, ಆ ನಷ್ಟ ದಿನ ಕಳೆದಂತೆ ಕಡಿಮೆಯಾಗುತ್ತ ಹೋಗುವುದರಿಂದ ಶುಲ್ಕವೂ ಕಡಿಮೆಯಾಗುತ್ತ ಹೋಗಬೇಕು. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ನೋಡೋಣ.

ಅಮೆರಿಕದ ಮೊಬೈಲು ಕರಾರು

ಈ ವಿಷಯದ ಮೇಲೆ ಬಹಳ ಜಗ್ಗಾಟ ನಡೆದದ್ದು ಅಮೆರಿಕದಲ್ಲಿ, ಮೊಬೈಲು ಫೋನಿನ ಕರಾರಿನ ಬಗ್ಗೆ. ಅಲ್ಲಿ ಕಂಪನಿಗಳು ದುಬಾರಿ ಫೋನನ್ನು ಕಡಿಮೆ ಬೆಲೆಗೋ ಪುಕ್ಕಟೆಯಾಗಿಯೋ ಕೊಟ್ಟು, ಎರಡು ವರ್ಷ ತಮ್ಮಲ್ಲೇ ಇರಬೇಕೆಂದು ಸಹಿ ಹಾಕಿಸಿಕೊಳ್ಳುತ್ತಿದ್ದವು. ಫೋನಿನ ಬೆಲೆ ತಿಂಗಳ ಬಿಲ್ಲಿನಲ್ಲಿ ಸೇರಿಕೊಂಡು ವಸೂಲಾಗುತ್ತಿತ್ತು. ನಡುವೆ ಬಿಟ್ಟು ಹೋಗುವವರು ದಂಡ ಕೊಡಬೇಕಾಗಿತ್ತು. ‘ಫೋನಿನ ಬೆಲೆ ಇನ್ನೂ ನಮಗೆ ಬಂದಿಲ್ಲ, ಅದಕ್ಕಾಗಿ ಈ ದಂಡ’ ಎಂಬುದು ಕಂಪನಿಗಳ ವಾದ. ಮಾತಿನಲ್ಲಿ ಇದು ಸರಿಯಾಗಿಯೇ ಕಾಣುತ್ತದೆ.

ಲೆಕ್ಕ ಹಾಕಿದಾಗ ಕೊರತೆ ಕಂಡಿತು. ವೆರೈಜನ್ ಎಂಬ ಕಂಪನಿಯು ೨೦೦೯ರ ನವೆಂಬರಿನಲ್ಲಿ ದುಬಾರಿ ಫೋನುಗಳ ಮೇಲೆ ಈ ದಂಡವನ್ನು ೩೫೦ ಡಾಲರಿಗೆ ಏರಿಸಿತು. ಪೂರೈಸಿದ ಪ್ರತಿ ತಿಂಗಳಿಗೆ ೧೦ ಡಾಲರಿನಂತೆ ಅದು ಇಳಿಯುತ್ತಿತ್ತು. ಇಪ್ಪತ್ತನಾಲ್ಕು ತಿಂಗಳ ಕರಾರಿನಲ್ಲಿ ಇಪ್ಪತ್ತಮೂರು ತಿಂಗಳು ಹಣ ಕಟ್ಟಿದವನಿಗೆ ೨೩೦ ಡಾಲರು ಇಳಿದು ಇನ್ನೂ ೧೨೦ ಡಾಲರು ದಂಡ ಉಳಿಯುತ್ತಿತ್ತು. ಒಂದೇ ತಿಂಗಳು ಬಾಕಿಯಿರುವಾಗ ಕಂಪನಿಗೆ ಅಷ್ಟು ನಷ್ಟ ಹೇಗೆ? ಅಲ್ಲಿನ ಸರಕಾರದ ಸಂಪರ್ಕ ಆಯೋಗವು ಕಂಪನಿಯಿಂದ ವಿವರಣೆ ಕೇಳಿತು. ಇದಕ್ಕೆ ಮುಂಚೆ, ೨೦೦೮ರಲ್ಲಿ, ಕ್ಯಾಲಿಫೋರ್ನಿಯ ರಾಜ್ಯದ ನ್ಯಾಯಾಲಯವೊಂದು ಸ್ಪ್ರಿಂಟ್ ಎಂಬ ಇನ್ನೊಂದು ಕಂಪನಿಯ ಇಂಥ ಶುಲ್ಕವು ಆ ರಾಜ್ಯದ ಕಾನೂನಿಗೆ ವಿರುದ್ಧವಾದ ದಂಡವೆಂದು ತೀರ್ಪು ಕೊಟ್ಟಿತ್ತು.

೨೦೧೩ರಲ್ಲಿ ಟಿ-ಮೊಬೈಲ್ ಎಂಬ ಕಂಪನಿಯು ಎರಡು ವರ್ಷದ ಕರಾರನ್ನೇ ಕೈಬಿಟ್ಟಿತು. ಫೋನಿನ ಬೆಲೆಯನ್ನು ಬೇರೆ ಕಂತಾಗಿಯೂ ಮಾತಿನ ಬಾಡಿಗೆಯನ್ನು ಬೇರೆಯಾಗಿಯೂ ಬರೆದು ತೋರಿಸಿತು. ಬಿಟ್ಟು ಹೋಗುವವನು ಫೋನಿನ ಉಳಿದ ಕಂತು ಕಟ್ಟಿದರೆ ಆಯಿತು. ಬೆಲೆಯನ್ನು ಬಿಡಿಸಿ ಬರೆದಾಗ ದಂಡದ ಅಗತ್ಯವೇ ತಪ್ಪಿತು ಎಂಬುದನ್ನು ಗಮನಿಸಬೇಕು.

ನಮ್ಮ ದೇಶದಲ್ಲಿ ಹೆಚ್ಚಿನವರು ಮುಂಗಡ ರೀಚಾರ್ಜು ಮಾಡಿಸಿಕೊಂಡು ಫೋನು ಬಳಸುವುದರಿಂದ ಈ ತೊಂದರೆ ಕಡಿಮೆ. ೨೦೧೧ರ ಜನವರಿ ೨೦ರಿಂದ ದೇಶದಾದ್ಯಂತ, ನಂಬರನ್ನು ಉಳಿಸಿಕೊಂಡೇ ಕಂಪನಿ ಬದಲಾಯಿಸುವ ಸೌಕರ್ಯವೂ ಬಂದಿದೆ. ತೊಂಬತ್ತು ದಿನ ಒಂದು ಕಂಪನಿಯಲ್ಲಿ ಇದ್ದು, ಬಾಕಿ ಇಟ್ಟುಕೊಳ್ಳದಿದ್ದರೆ ಸಾಕು. ಆದರೆ ಫೋನಿನಲ್ಲಿ ತಪ್ಪಿದ ಹಗ್ಗ ಸಾಲದಲ್ಲಿ ನಮ್ಮನ್ನು ಹಿಡಿಯಬಹುದು.

ಸಾಲ ಕೊಟ್ಟವನಿಗೆ ನಷ್ಟವಾಗುವುದು ಯಾವಾಗ?

ಸಾಲದ ಬಡ್ಡಿ ಎರಡು ಬಗೆ. ಸಾಲ ಮುಗಿಯುವವರೆಗೆ ಒಂದೇ ದರದಲ್ಲಿ ನಿಲ್ಲುವುದು ಸ್ಥಿರ ಬಡ್ಡಿ. ಬ್ಯಾಂಕಿನವರು ಫಿಕ್ಸೆಡ್ ಎನ್ನುತ್ತಾರೆ. ಹಣದ ಮಾರುಕಟ್ಟೆಯೊಡನೆ ಏರಿ ಇಳಿಯುವುದು ಬದಲಾಗುವ ಬಡ್ಡಿ. ಅದನ್ನು ಫ್ಲೋಟಿಂಗ್ ಎನ್ನುತ್ತಾರೆ.

ಶೇಕಡಾ ೧೨ರ ಸ್ಥಿರ ಬಡ್ಡಿಗೆ ನಿಮಗೆ ಐದು ವರ್ಷಕ್ಕೆ ಸಾಲ ಕೊಟ್ಟಿದ್ದಾರೆಂದು ಇಟ್ಟುಕೊಳ್ಳಿ. ಎರಡು ವರ್ಷದಲ್ಲಿ ಮಾರುಕಟ್ಟೆಯ ಬಡ್ಡಿ ಶೇಕಡಾ ೧೦ಕ್ಕೆ ಇಳಿಯಿತು. ನೀವು ಹಣ ಹಿಂದಕ್ಕೆ ಕೊಟ್ಟರೆ ಅವರು ಅದೇ ಹಣವನ್ನು ಬೇರೆಯವರಿಗೆ ಶೇಕಡಾ ೧೦ಕ್ಕೆ ಕೊಡಬೇಕಾಗುವುದು. ಉಳಿದ ಮೂರು ವರ್ಷದ ಮಟ್ಟಿಗೆ ಅವರಿಗೆ ನಷ್ಟ ನಿಜವಾದದ್ದು. ಬಡ್ಡಿ ಇಳಿಯದೆ ಏರಿದ್ದರೆ ನೀವು ಬೇಗ ತೀರಿಸಿದ್ದು ಅವರಿಗೆ ಲಾಭವೇ. ಬದಲಾಗುವ ಬಡ್ಡಿಯ ಸಾಲದಲ್ಲಾದರೋ ಈ ನಷ್ಟದ ಮಾತೇ ಇಲ್ಲ. ನಿಮ್ಮ ಬಡ್ಡಿಯೂ ಮಾರುಕಟ್ಟೆಯ ಬಡ್ಡಿಯೂ ಒಟ್ಟಿಗೆ ನಡೆಯುತ್ತವೆ.

ಕಾಗದಪತ್ರ, ತಪಾಸಣೆ ಮುಂತಾದ ಖರ್ಚಾಗಿದೆ ಎಂದೂ ಸಾಲ ಕೊಟ್ಟವರು ಹೇಳಬಹುದು. ಆದರೆ ಆ ಖರ್ಚನ್ನು ಸಾಲ ಕೊಡುವಾಗಲೇ ಪ್ರೊಸೆಸಿಂಗ್ ಶುಲ್ಕವೆಂದು ಹಿಡಿದುಕೊಂಡಿದ್ದರೆ, ಅದನ್ನೇ ಎರಡನೆಯ ಸಲ ಕೇಳುವುದು ನ್ಯಾಯವಲ್ಲ.

ಕಾನೂನು ಏನು ಹೇಳುತ್ತದೆ?

ನಮ್ಮ ಕರಾರು ಕಾಯಿದೆ ೧೮೭೨ರಷ್ಟು ಹಳೆಯದು. ಅದರ ೭೪ನೆಯ ಕಲಮಿನ ತಾತ್ಪರ್ಯ ಇಷ್ಟು: ಕರಾರು ಮುರಿದರೆ ಇಷ್ಟು ಹಣ ಕೊಡಬೇಕೆಂದು ಕಾಗದದಲ್ಲಿ ಬರೆದಿದ್ದರೂ, ನೊಂದವನಿಗೆ ಸಿಗತಕ್ಕದ್ದು ಆ ಮೊತ್ತದೊಳಗಿನ ನ್ಯಾಯವಾದ ಪರಿಹಾರ ಮಾತ್ರ. ಎಂದರೆ ಬರೆದ ಮೊತ್ತವು ಮೇಲಿನ ಎಲ್ಲೆ. ಅಷ್ಟನ್ನೂ ಕೊಡಲೇಬೇಕೆಂದು ಅರ್ಥವಲ್ಲ. ಸುಪ್ರೀಂ ಕೋರ್ಟು ೧೯೬೩ರಲ್ಲಿ ಫತೇಹ್ ಚಂದ್ ಮೊಕದ್ದಮೆಯಲ್ಲಿ ಇದನ್ನೇ ಎತ್ತಿಹಿಡಿಯಿತು. ಆಸ್ತಿ ಮಾರಾಟದ ಕರಾರು ಮುರಿದ ಆ ಪ್ರಕರಣದಲ್ಲಿ, ಕಾಗದದಲ್ಲಿ ಬರೆದಿದೆ ಎಂಬ ಒಂದೇ ಕಾರಣಕ್ಕೆ, ಕೊಟ್ಟ ಹಣವನ್ನೆಲ್ಲ ಮುಟ್ಟುಗೋಲು ಹಾಕಿಕೊಳ್ಳಲು ಬಾರದೆಂದು ತೀರ್ಮಾನವಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಸಾಲ ಕೊಟ್ಟವರು ‘ಇದು ಕರಾರು ಮುರಿದದ್ದಕ್ಕೆ ದಂಡವಲ್ಲ, ಬೇಗ ಮುಚ್ಚಲು ನಾವು ಕೊಟ್ಟ ಅವಕಾಶದ ಬೆಲೆ’ ಎಂದು ವಾದಿಸಬಹುದು. ಆದ್ದರಿಂದ ೭೪ನೆಯ ಕಲಮು ಒಂದನ್ನೇ ನಂಬಿ ಕೂರಬಾರದು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ‘ಅನ್ಯಾಯದ ಕರಾರು’ ಎಂದರೆ ಏನೆಂದು ಬಿಡಿಸಿ ಹೇಳಿದೆ. ಆದ ನಷ್ಟಕ್ಕೆ ತಾಳಮೇಳವಿಲ್ಲದಷ್ಟು ದೊಡ್ಡ ದಂಡ ಹಾಕುವುದು, ತಕ್ಕ ದಂಡ ಕೊಡುತ್ತೇನೆಂದರೂ ಸಾಲವನ್ನು ಬೇಗ ತೀರಿಸಲು ಬಿಡದಿರುವುದು, ಸಕಾರಣವಿಲ್ಲದೆ ಒಂದೇ ಪಕ್ಷದವರು ಕರಾರನ್ನು ರದ್ದು ಮಾಡಬಹುದೆಂದು ಬರೆದುಕೊಳ್ಳುವುದು, ಇವೆಲ್ಲ ಆ ಪಟ್ಟಿಯಲ್ಲಿವೆ. ಇಂಥ ಕರಾರಿನ ವಿರುದ್ಧ ಗ್ರಾಹಕನು ರಾಜ್ಯ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು.

ರಿಸರ್ವ್ ಬ್ಯಾಂಕಿನ ನಿಯಮ

ನಮಗೆ ಹೆಚ್ಚು ಉಪಯೋಗವಾಗುವುದು ಈ ಭಾಗ. ರಿಸರ್ವ್ ಬ್ಯಾಂಕು ೨೦೨೫ರ ಜುಲೈ ೨ರಂದು ಹೊರಡಿಸಿದ ನಿಯಮಗಳು, ೨೦೨೬ರ ಜನವರಿ ೧ರಂದು ಮತ್ತು ಅದರ ಅನಂತರ ಮಂಜೂರಾದ ಅಥವಾ ನವೀಕರಿಸಿದ ಬದಲಾಗುವ ಬಡ್ಡಿಯ ಸಾಲಗಳಿಗೆ ಅನ್ವಯಿಸುತ್ತವೆ. ಅವುಗಳ ಮುಖ್ಯಾಂಶಗಳು ಇವು:

೧. ಮನೆ, ಮದುವೆ, ಓದು ಮುಂತಾಗಿ ವ್ಯವಹಾರವಲ್ಲದ ಕೆಲಸಕ್ಕೆ ವ್ಯಕ್ತಿಯೊಬ್ಬನು ಪಡೆದ ಸಾಲವಾದರೆ, ಬೇಗ ತೀರಿಸಿದ್ದಕ್ಕೆ ಶುಲ್ಕ ತೆಗೆದುಕೊಳ್ಳಕೂಡದು.

೨. ವ್ಯವಹಾರಕ್ಕಾಗಿ ವ್ಯಕ್ತಿಗಳೂ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳೂ ಪಡೆದ ಸಾಲವಾದರೆ, ವಾಣಿಜ್ಯ ಬ್ಯಾಂಕುಗಳು ಶುಲ್ಕ ತೆಗೆದುಕೊಳ್ಳಕೂಡದು. ಗ್ರಾಮೀಣ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, ಸಣ್ಣ ಹಣಕಾಸು ಬ್ಯಾಂಕು ಮತ್ತು ಮಧ್ಯಮ ದರ್ಜೆಯ ಹಣಕಾಸು ಕಂಪನಿಗಳು ೫೦ ಲಕ್ಷ ರೂಪಾಯಿವರೆಗಿನ ಸಾಲದ ಮೇಲೆ ತೆಗೆದುಕೊಳ್ಳಕೂಡದು.

೩. ಹಣ ಎಲ್ಲಿಂದ ತಂದಿರಿ ಎಂದು ಕೇಳಿ ಶುಲ್ಕ ಹಾಕುವಂತಿಲ್ಲ. ಪೂರ್ತಿ ತೀರಿಸಿದರೂ ಒಂದು ಭಾಗ ತೀರಿಸಿದರೂ ನಿಯಮ ಒಂದೇ. ಇಷ್ಟು ತಿಂಗಳು ಕಳೆಯಲೇಬೇಕೆಂಬ ಷರತ್ತೂ ಸಲ್ಲದು.

೪. ಶುಲ್ಕ ಉಂಟೋ ಇಲ್ಲವೋ ಎಂಬುದನ್ನು ಮಂಜೂರಾತಿ ಪತ್ರದಲ್ಲಿಯೂ ಕರಾರಿನಲ್ಲಿಯೂ ಸ್ಪಷ್ಟವಾಗಿ ಬರೆಯತಕ್ಕದ್ದು. ಮೊದಲೇ ತಿಳಿಸದ ಶುಲ್ಕವನ್ನು ಕೊನೆಗೆ ಕೇಳುವಂತಿಲ್ಲ.

ಯಾವುದೇ ಒತ್ತೆಯಿಲ್ಲದೆ, ವರ್ಷಕ್ಕೆ ೩ ಲಕ್ಷ ರೂಪಾಯಿವರೆಗೆ ವರಮಾನವಿರುವ ಮನೆಯವರಿಗೆ ಕೊಡುವ ಕಿರುಸಾಲದ ವಿಷಯ ಬೇರೆ. ಅದರಲ್ಲಿ ೨೦೨೨ರ ಏಪ್ರಿಲ್ ೧ರಿಂದಲೇ, ಬೇಗ ತೀರಿಸಿದ್ದಕ್ಕೆ ಯಾವ ದಂಡವೂ ಕೂಡದೆಂದು ನಿಯಮವಿದೆ. ವಾರದ ಕಂತಿನ ಗುಂಪು ಸಾಲ ಪಡೆದ ನಮ್ಮ ಅಕ್ಕತಂಗಿಯರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಇನ್ನು ನಿಯಮ ತಲುಪದ ಜಾಗವನ್ನೂ ತಿಳಿದಿರಬೇಕು. ಟ್ರ್ಯಾಕ್ಟರು, ವಾಹನಗಳಿಗೆ ಹಣಕಾಸು ಕಂಪನಿಗಳು ಕೊಡುವ ಸಾಲ ಅನೇಕ ವೇಳೆ ಸ್ಥಿರ ಬಡ್ಡಿಯದು. ಅದಕ್ಕೆ ೨೦೨೫ರ ಈ ನಿಷೇಧ ಅನ್ವಯಿಸುವುದಿಲ್ಲ. ಅಲ್ಲಿ ಕಾಗದದಲ್ಲಿ ಏನು ಬರೆದಿದೆ ಎಂಬುದೇ ಮುಖ್ಯ. ನಮ್ಮ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೂ ರಿಸರ್ವ್ ಬ್ಯಾಂಕಿನ ಹತೋಟಿಗೆ ಬರುವುದಿಲ್ಲ. ಸಂಘದ ಸಾಲದ ಬಗ್ಗೆ ಸಂಘದ ಕಾರ್ಯದರ್ಶಿಯನ್ನೂ ಸಹಕಾರ ಇಲಾಖೆಯನ್ನೂ ಕೇಳಬೇಕು.

ಲೆಕ್ಕ ಹಾಕಿ ಮುಚ್ಚಿರಿ

ಶುಲ್ಕ ಕೊಡಲೇಬೇಕಾದ ಸಾಲವಾದರೆ ಕೋಪ ಮಾಡಿಕೊಳ್ಳುವ ಮೊದಲು ಲೆಕ್ಕ ಹಾಕಬೇಕು. ಉದಾಹರಣೆಗೆ, ವರ್ಷಕ್ಕೆ ಶೇಕಡಾ ೧೨ರ ಬಡ್ಡಿ, ತಿಂಗಳ ಸಮಾನ ಕಂತು, ಮುಚ್ಚುವ ಶುಲ್ಕ ಬಾಕಿ ಅಸಲಿನ ಶೇಕಡಾ ೪ ಎಂದು ಇಟ್ಟುಕೊಳ್ಳೋಣ.

ಬಾಕಿ ಅಸಲು ೩,೦೦,೦೦೦ ರೂಪಾಯಿ, ಉಳಿದ ಕಂತು ಹನ್ನೆರಡು. ಕಂತಿನಂತೆಯೇ ಕಟ್ಟುತ್ತ ಹೋದರೆ ಮುಂದೆ ಕೊಡಬೇಕಾದ ಬಡ್ಡಿ ಸುಮಾರು ೧೯,೮೫೦ ರೂಪಾಯಿ. ಈಗಲೇ ಮುಚ್ಚಿದರೆ ಶುಲ್ಕ ೧೨,೦೦೦ ರೂಪಾಯಿ. ಮುಚ್ಚುವುದರಿಂದ ಸುಮಾರು ೭,೮೫೦ ರೂಪಾಯಿ ಉಳಿತಾಯ.

ಬಾಕಿ ಅಸಲು ೧,೦೦,೦೦೦ ರೂಪಾಯಿ, ಉಳಿದ ಕಂತು ನಾಲ್ಕು. ಮುಂದಿನ ಬಡ್ಡಿ ಸುಮಾರು ೨,೫೦೦ ರೂಪಾಯಿ. ಶುಲ್ಕ ೪,೦೦೦ ರೂಪಾಯಿ. ಇಲ್ಲಿ ಮುಚ್ಚಿದರೆ ಸುಮಾರು ೧,೫೦೦ ರೂಪಾಯಿ ಕೈಯಿಂದ ಹೋಗುವುದು. ಇಂಥಲ್ಲಿ ಹಣವನ್ನು ಉಳಿತಾಯ ಖಾತೆಯಲ್ಲಿಟ್ಟು ಕಂತಿನಂತೆ ಕಟ್ಟುವುದೇ ಲೇಸು.

ಎರಡನೆಯ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಸಾಲ ಕೊಟ್ಟವರಿಗೆ ಮುಂದೆ ಬರಬೇಕಾಗಿದ್ದ ಬಡ್ಡಿಯೇ ೨,೫೦೦ ರೂಪಾಯಿ. ಕೇಳುವ ಶುಲ್ಕ ೪,೦೦೦ ರೂಪಾಯಿ. ಹಣ ಅವರ ಕೈಗೆ ಹಿಂದಿರುಗಿ ಬಂದಿರುವಾಗ, ಅದನ್ನು ನಾಲ್ಕು ತಿಂಗಳು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟರೂ ಅವರಿಗೆ ಇಷ್ಟು ನಷ್ಟವಾಗುವುದಿಲ್ಲ. ನಷ್ಟಕ್ಕೆ ಮೀರಿದ ಶುಲ್ಕವೆಂದರೆ ಇದೇ. ಅಮೆರಿಕದ ಮೊಬೈಲಿನ ೧೨೦ ಡಾಲರೂ ಈ ಜಾತಿಯದೇ.

ಸಹಿ ಹಾಕುವ ಮೊದಲು

ಈ ವಿಷಯದಲ್ಲಿ ರೈತನ ಬಲವೆಲ್ಲ ಇರುವುದು ಸಹಿ ಹಾಕುವ ಮೊದಲು. ಟ್ರ್ಯಾಕ್ಟರು ಮನೆಗೆ ಬಂದ ಮೇಲೆ ಚೌಕಾಸಿ ನಡೆಯುವುದಿಲ್ಲ. ೨೦೨೪ರ ಅಕ್ಟೋಬರ್ ೧ರಿಂದ, ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಅವಧಿ ಸಾಲ ಕೊಡುವ ಬ್ಯಾಂಕು ಮತ್ತು ಹಣಕಾಸು ಕಂಪನಿಗಳು ‘ಮುಖ್ಯಾಂಶಗಳ ಹೇಳಿಕೆ’ ಎಂಬ ಕಾಗದವನ್ನು ಸಾಲಗಾರನಿಗೆ ಕೊಡಬೇಕು. ಬ್ಯಾಂಕಿನಲ್ಲಿ ಇದನ್ನು ಕೆ.ಎಫ್.ಎಸ್. ಎನ್ನುತ್ತಾರೆ. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅದನ್ನು ಅವನಿಗೆ ವಿವರಿಸಿ ಹೇಳಬೇಕು. ಅದರಲ್ಲಿ ಇಲ್ಲದ ಶುಲ್ಕವನ್ನು ಅವನ ಸ್ಪಷ್ಟ ಒಪ್ಪಿಗೆಯಿಲ್ಲದೆ ಮುಂದೆ ಹಾಕುವಂತಿಲ್ಲ. ಏಳು ದಿನ ಅಥವಾ ಅದಕ್ಕೂ ಹೆಚ್ಚು ಅವಧಿಯ ಸಾಲವಾದರೆ, ಒಪ್ಪುವುದೋ ಬಿಡುವುದೋ ಎಂದು ವಿಚಾರ ಮಾಡಲು ಕನಿಷ್ಠ ಮೂರು ಕೆಲಸದ ದಿನಗಳ ಸಮಯವೂ ಇದೆ. ಆದುದರಿಂದ ‘ಇಲ್ಲಿ ಸಹಿ ಮಾಡಿ, ಇಲ್ಲಿ ಸಹಿ ಮಾಡಿ’ ಎಂದು ಅವಸರ ಮಾಡಿದರೆ ಕಾಗದವನ್ನು ಮನೆಗೆ ತಂದು ಓದಿಸಿ ಕೇಳಿರಿ.

ಆ ಕಾಗದದಲ್ಲಿ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು:

೧. ಬಡ್ಡಿ ಸ್ಥಿರವೋ, ಬದಲಾಗುವುದೋ?

೨. ಬೇಗ ಮುಚ್ಚಿದರೆ ಶುಲ್ಕ ಉಂಟೋ? ಉಂಟಾದರೆ ಬಾಕಿ ಅಸಲಿನ ಮೇಲೋ, ಮೊದಲು ಪಡೆದ ಪೂರ್ತಿ ಸಾಲದ ಮೇಲೋ? ಪೂರ್ತಿ ಸಾಲದ ಮೇಲೆ ಎಂದಿದ್ದರೆ ದಿನ ಕಳೆದರೂ ಶುಲ್ಕ ಇಳಿಯುವುದಿಲ್ಲ. ಅದನ್ನು ಒಪ್ಪಬೇಡಿ.

೩. ಇಷ್ಟು ತಿಂಗಳೊಳಗೆ ಮುಚ್ಚಲು ಬಿಡುವುದಿಲ್ಲ ಎಂಬ ಷರತ್ತು ಇದೆಯೋ?

೪. ಬೆಳೆಯ ಹಣ ಬಂದಾಗ ಅಸಲಿನ ಒಂದು ಭಾಗ ಕಟ್ಟಲು ಅವಕಾಶವಿದೆಯೋ?

ಎರಡು ಕಡೆ ವಿಚಾರಿಸಿರಿ. ಬಡ್ಡಿ ಕಾಲು ಪಾಲು ಕಡಿಮೆ ಎಂದು ಹೇಳುವವರ ಮುಚ್ಚುವ ಶುಲ್ಕ ಹೆಚ್ಚಾಗಿರಬಹುದು. ನಮ್ಮ ವರಮಾನ ತಿಂಗಳ ಸಂಬಳದಂತೆ ಸಮನಾಗಿ ಬರುವುದಿಲ್ಲ. ಸುಗ್ಗಿಯಲ್ಲಿ ಒಟ್ಟಿಗೆ ಬರುತ್ತದೆ. ಆದ್ದರಿಂದ ಬೇಗ ಕಟ್ಟುವ ಸ್ವಾತಂತ್ರ್ಯ ರೈತನಿಗೆ ಬೇರೆಯವರಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಸಾಲ ಮುಚ್ಚುವಾಗ

ಮುಚ್ಚುವ ಮೊತ್ತದ ವಿವರವನ್ನು ಬರಹದಲ್ಲಿ ಕೇಳಿರಿ. ಅಸಲು, ಬಡ್ಡಿ, ಶುಲ್ಕ ಬೇರೆ ಬೇರೆಯಾಗಿ ಕಾಣಬೇಕು. ಯಾವ ಷರತ್ತಿನ ಮೇಲೆ ಶುಲ್ಕ ಹಾಕಿದ್ದೀರೆಂದು ಕೇಳುವ ಹಕ್ಕು ನಿಮಗಿದೆ. ಹಣ ಕಟ್ಟಿದ ಮೇಲೆ ರಸೀದಿಯನ್ನೂ, ಬಾಕಿ ಏನೂ ಇಲ್ಲವೆಂಬ ಪತ್ರವನ್ನೂ ಪಡೆಯಿರಿ. ವಾಹನವಾದರೆ ನಮೂನೆ ೩೫ಕ್ಕೆ ಸಾಲ ಕೊಟ್ಟವರ ಸಹಿ ಮಾಡಿಸಿಕೊಂಡು, ಸಾರಿಗೆ ಕಚೇರಿಯಲ್ಲಿ ಆರ್.ಸಿ.ಯ ಮೇಲಿರುವ ಅವರ ಹೆಸರನ್ನು ತೆಗೆಸಬೇಕು. ಇದನ್ನು ಮರೆತರೆ ಮುಂದೆ ಟ್ರ್ಯಾಕ್ಟರು ಮಾರುವಾಗ ತೊಡಕಾಗುವುದು.

ತಕರಾರಾದರೆ

ಕೂಡದ ಶುಲ್ಕವನ್ನು ಕೇಳಿದರೆ ಮೊದಲು ಆ ಶಾಖೆಗೇ ಬರಹದಲ್ಲಿ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ಸಾಕ್ಷಿಯಿರುವುದಿಲ್ಲ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಾಗಿರದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ರಿಸರ್ವ್ ಬ್ಯಾಂಕಿನ ಸಹಾಯವಾಣಿ ೧೪೪೪೮. ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ ೧೯೧೫.

ಕರಾರೆಂಬುದು ಎರಡೂ ಕಡೆಯವರನ್ನು ಕಟ್ಟುವಂಥದು. ಕೊಟ್ಟ ಮಾತಿಗೆ ನಡೆದುಕೊಳ್ಳಬೇಕು, ನಮ್ಮಿಂದ ನಷ್ಟವಾದರೆ ತುಂಬಿಕೊಡಬೇಕು. ನಷ್ಟವಿಲ್ಲದ ಕಡೆ ದಂಡ ತೆರಬೇಕಾಗಿಲ್ಲ. ಹೊಸ ಸಾಲ ಮಾಡಬೇಕೆಂದಿರುವವರೂ ಹಳೆಯ ಸಾಲ ಮುಚ್ಚಬೇಕೆಂದಿರುವವರೂ, ನಾನು ನಿಮ್ಮ ಹಳ್ಳಿಗೆ ಬರುವ ದಿನ ಕಾಗದಗಳನ್ನು ತನ್ನಿರಿ. ಪಂಚಾಯಿತಿ ಕಟ್ಟೆಯ ಮೇಲೆ ಕುಳಿತು ಸಾಲುಸಾಲಾಗಿ ಓದಿ, ಲೆಕ್ಕ ಹಾಕಿ ನೋಡೋಣ.